ಮಗ್ಗದ ಪಕ್ಕದಲ್ಲೊಂದು ಫ್ಯಾನು

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದನ್ನು ಇಡಲು ಇದ್ದ ಜಾಗ ಒಂದೇ, ಅಪ್ಪನ ಮಗ್ಗದ ಪಕ್ಕ. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಮನೆಗಳೆಲ್ಲ ಹಾಗೆಯೇ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಮುಕ್ಕಾಲು ಪಾಲು ಮಗ್ಗ, ಉಳಿದ ಕಾಲು ಪಾಲಿನಲ್ಲಿ ಮನುಷ್ಯರು. ಹಿಂದೆ ಅಡುಗೆಮನೆ, ಅಲ್ಲಿ ಸೌದೆ ಒಲೆಯ ಹೊಗೆ. ಹೊಗೆಗೆ ಕಂಪ್ಯೂಟರ್ ಕೆಡುತ್ತದೆ ಎಂದು ನನಗೆ ಕಲಿಸಿದವರು ಹೆದರಿಸಿದ್ದರು. ಮಗ್ಗದ ಪಕ್ಕದ ಗೋಡೆಯಲ್ಲಿ ಒಂದು ಪ್ಲಗ್ ಇತ್ತು, ಅಲ್ಲಿಗೆ ಮೇಜು ಹಾಕಿದೆವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಕಳೆದಿತ್ತು. ನನಗೆ ಇಪ್ಪತ್ತಮೂರು ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು.

ನಾನು ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗಿ ಬಂದು ಕಂಪ್ಯೂಟರ್ ಕಲಿತವಳು. ಸೀರೆಯ ಅಂಚು, ಸೆರಗು, ಬುಟ್ಟಗಳನ್ನು ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ತುಂಬಿಸುವ ಕೆಲಸ ನಮ್ಮೂರಲ್ಲಿ ಮೊದಲಿಂದಲೂ ಇತ್ತು. ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ. ರಟ್ಟಿನ ಸರ ಮಗ್ಗದ ಮೇಲೇರಿತೆಂದರೆ ಯಾವ ಎಳೆ ಏಳಬೇಕು, ಯಾವ ಎಳೆ ಮಲಗಬೇಕು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಹಾಳೆಯ ಮೇಲೆ ವಾರ ಹಿಡಿಯುತ್ತಿದ್ದ ನಕ್ಷೆಯನ್ನು ನಾನು ಕಂಪ್ಯೂಟರಿನಲ್ಲಿ ಎರಡು ದಿನಕ್ಕೆ ಮುಗಿಸುತ್ತಿದ್ದೆ. ಓಣಿಯ ಬೇರೆ ಮಗ್ಗದವರು ನನ್ನ ನಕ್ಷೆ ಒಯ್ಯತೊಡಗಿದರು. ಅಪ್ಪ ಮಾತ್ರ ತನ್ನ ಹಳೇ ರಟ್ಟಿನಲ್ಲೇ ನೇಯುತ್ತಿದ್ದ. ನನ್ನ ಪರದೆಯ ಕಡೆ ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ. ಅದು ನನಗೆ ಒಳಗೊಳಗೇ ಉರಿಯುತ್ತಿತ್ತು.

ತೊಂದರೆ ಬಂದದ್ದು ಸದ್ದಿನಿಂದ. ಚಳ್ಳಕೆರೆಯಲ್ಲಿ ಅದನ್ನು ಜೋಡಿಸಿ ಕೊಟ್ಟ ಅಂಗಡಿ ಒಂದು ಶೇಂಗಾ ಎಣ್ಣೆ ಗಿರಣಿಯ ಮಗ್ಗುಲಲ್ಲಿತ್ತು. ಗಿರಣಿಯ ಸದ್ದಿನಲ್ಲಿ ಕಂಪ್ಯೂಟರ್ ಎಷ್ಟು ಮೆತ್ತಗೆ ಓಡುತ್ತದೆ ಎಂದು ಮೆಚ್ಚಿಕೊಂಡು ಹೊತ್ತು ತಂದಿದ್ದೆ. ಮನೆಯಲ್ಲಿ ಸ್ವಿಚ್ ಹಾಕಿದಾಗ ಅವ್ವ ಸೌಟು ಹಿಡಿದೇ ಹೊರಗೆ ಬಂದಳು. ಅವಳ ತವರು ಆಂಧ್ರದ ಗಡಿಯಾಚೆ, ಸಿಟ್ಟು ಬಂದರೆ ತೆಲುಗು ಬರುತ್ತದೆ. “ಏಂ ಗೋಲ ಇದಿ!” ಅಂದಳು. ಎಂಥ ಗಲಾಟೆ ಇದು ಎಂದು.

“ಫ್ಯಾನು ಅವ್ವ, ಒಳಗೆ ಬಿಸಿಯಾಗ್ತೈತೆ, ಅದಕ್ಕೆ ಗಾಳಿ ಬೇಕು.”

“ನಂಗೂ ಒಲೆ ಮುಂದೆ ಬಿಸಿಯಾಗ್ತೈತೆ. ನಾನೇನು ಹಿಂಗೆ ಒದರ್ತೀನಾ?”

ಒದರುತ್ತಿದ್ದಳು. ಆದರೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಮಗ್ಗ ಇರುವ ಮನೆಯಲ್ಲಿ ಫ್ಯಾನಿನ ಸದ್ದು ಯಾವ ಲೆಕ್ಕ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅಪ್ಪನದು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಲಾಳಿ ಓಡುವ ಸದ್ದು, ಹಣಿಗೆ ಬಡಿಯುವ ಸದ್ದು, ಮೇಲೆ ರಟ್ಟು ಮಗುಚುವ ಸದ್ದು, ಎಲ್ಲ ಸೇರಿದರೆ ಬೀದಿ ತುದಿಗೆ ಕೇಳಿಸುತ್ತದೆ. ಅಪ್ಪ ಹೇಳಿದ್ದು ಇಷ್ಟೇ: “ಮಗ್ಗ ಒಂದು ಸಲ ಬಡೀತದೆ, ಸುಮ್ಕಾಗ್ತದೆ. ನಡುವೆ ಕೇಳಿಸ್ಕೊಳ್ಳಾಕೆ ಜಾಗ ಇರ್ತದೆ. ನಿನ್ನ ಡಬ್ಬಿ ಉಸಿರೇ ಬಿಡಲ್ಲ ನೋಡು ಮಗಾ.”

ಆ ಜಾಗದಲ್ಲಿ ಅಪ್ಪ ಏನು ಕೇಳಿಸಿಕೊಳ್ಳುತ್ತಿದ್ದ ಎಂಬುದೇ ಮುಖ್ಯ. ಅವನ ಕಣ್ಣು ಮಸುಕಾಗಿ ಎರಡು ಮೂರು ವರ್ಷವಾಗಿತ್ತು. ಹತ್ತಿರದ್ದು ಸ್ವಲ್ಪ ಮಂಜು ಅಷ್ಟೇ ಎನ್ನುತ್ತಿದ್ದ. ಆಸ್ಪತ್ರೆಗೆ ತೋರಿಸೋಣ ಎಂದರೆ ಈ ಸೀರೆ ಮಗ್ಗದಿಂದ ಇಳೀಲಿ ಎನ್ನುತ್ತಿದ್ದ, ಆ ಸೀರೆ ಇಳಿದರೆ ಮುಂದಿನದು. ರೇಷ್ಮೆ ಎಳೆ ಹರಿದರೆ ಸದ್ದಾಗುವುದಿಲ್ಲ. ಆದರೆ ಹರಿದ ತುದಿ ಪಕ್ಕದ ಎಳೆಗೆ ಸುತ್ತಿಕೊಂಡಾಗ ಲಾಳಿ ಅಲ್ಲಿ ಒಂಚೂರು ತಡವರಿಸುತ್ತದೆ. ಅಪ್ಪ ಅದನ್ನು ಹಿಡಿಯುತ್ತಿದ್ದ. ತಕ್ಷಣ ಕೈ ನಿಲ್ಲಿಸಿ ಬೆರಳಲ್ಲಿ ಎಳೆಗಳ ಮೇಲೆ ಸವರಿ, ಹರಿದದ್ದನ್ನು ಹುಡುಕಿ, ಬೂದಿ ಮುಟ್ಟಿಸಿಕೊಂಡ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದ. ಕಣ್ಣು ಕೈಕೊಟ್ಟರೂ ಕಿವಿಯಲ್ಲೇ ಅವನು ನೇಯುತ್ತಿದ್ದ. ನನ್ನ ಫ್ಯಾನು ಆ ಕಿವಿಗೆ ಹತ್ತಿ ತುರುಕಿತ್ತು.

ಎರಡು ಸೀರೆಯಲ್ಲಿ ಎಳೆ ಬಿಟ್ಟ ಗೆರೆ ಬಂತು. ಎರಡನೆಯದರಲ್ಲಿ ಗೆರೆ ಮೊಳದುದ್ದ. ಮೂವತ್ತು ವರ್ಷ ನೇಯ್ದವನ ಸೀರೆ ಕುಂದೆಂದು ವಾಪಸು ಬಂದಾಗ ಅಪ್ಪ ಅದನ್ನು ಮಡಚಿ ಗೋಡೆಯ ಮಾಡಿನಲ್ಲಿಟ್ಟ. ಮಾರನೆಯ ದಿನದಿಂದ ನಾನು ಕಂಪ್ಯೂಟರ್ ಹಾಕಿದಾಗೆಲ್ಲ ಅವನು ಕುಣಿಯಿಂದೆದ್ದು ಹೊರಗಿನ ಕಟ್ಟೆಗೆ ಹೋಗಿ ಕೂರತೊಡಗಿದ. ಹೊತ್ತಾರೆಯ ಒಳ್ಳೇ ಬೆಳಕಿನಲ್ಲಿ ಮಗ್ಗ ಬಿಟ್ಟು ಕಟ್ಟೆಯ ಮೇಲೆ ಕೂತ ಅಪ್ಪನನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ.

ಅವ್ವ ತೀರ್ಪು ಕೊಟ್ಟಳು. “ಉಗಾದಿ ತನಕ ನೋಡ್ತೀನಿ. ಅಷ್ಟರೊಳಗೆ ಅದು ಬಾಯಿ ಮುಚ್ಚಬೇಕು. ಇಲ್ಲಾಂದ್ರೆ ಚಳ್ಳಕೆರೆಯಾಗೆ ಎಲ್ಲಾದ್ರೂ ಒಂದು ಕೋಣೆ ಹಿಡಿದು ಅದನ್ನ ಅಲ್ಲಿಟ್ಕೋ. ಮಗ್ಗ ಎದ್ದು ಹೋಗಾಕಾಗಲ್ಲ, ಡಬ್ಬಿ ಹೋಗಬಹುದು.”

“ಡಬ್ಬಿ ಹೋದ್ರೆ ನಾನೂ ಹೋಗ್ತೀನಿ!”

“ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ, ಅದರ ಸದ್ದು ನಿಂಗೊಬ್ಬಳಿಗೆ ಜೋಗುಳ,” ಎಂದು ಅವ್ವ ಒಳಗೆ ಹೋದಳು.

ನನಗೆ ಚಳ್ಳಕೆರೆ ಬೇಕಿರಲಿಲ್ಲ. ಅಪ್ಪನ ಮಗ್ಗದ ಸದ್ದಿಲ್ಲದ ಜಾಗದಲ್ಲಿ ಸೀರೆಯ ನಕ್ಷೆ ಹಾಕುವುದು ನನ್ನ ಕೈಲಾಗದು ಎಂದು ಆಗಲೇ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳಿದರೆ ನಾನು ನಾನಲ್ಲ. ಕಂಪ್ಯೂಟರಿನ ಡಬ್ಬಿಯ ಕೆಳಗೆ ಹಳೇ ಕೌದಿ ಮಡಚಿ ಹಾಕಿದೆ. ಸುತ್ತ ರಟ್ಟಿನ ಪೆಟ್ಟಿಗೆ ಮುಚ್ಚಿದೆ. ಅರ್ಧ ಗಂಟೆಯಲ್ಲಿ ಒಳಗೆ ಕುದ್ದುಹೋಗಿ ತಾನೇ ಆರಿಹೋಯಿತು. ಪೆಟ್ಟಿಗೆ ತೆಗೆದೆ. ಹೀಗೆ ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಸದ್ದು ಕಡಿಮೆಯಾಗುವ ಬದಲು ಗೊರ್ರ್ ಎನ್ನತೊಡಗಿತು, ಶೀತ ಕಟ್ಟಿದ ಮುದುಕನ ಗೊರಕೆಯ ಹಾಗೆ. ಅಪ್ಪ ಕಟ್ಟೆಯಿಂದ ಎದ್ದು ಇನ್ನೂ ಆಚೆ ಬೇವಿನ ಮರದ ಕೆಳಗೆ ಹೋದ.

ಒಂದು ಬೆಳಿಗ್ಗೆ ಡಬ್ಬಿಯನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ. ದಾರಿಯಲ್ಲಿ ತಳಕು ಎಂಬ ಊರಿನಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತು, ಸೀರೆಯ ಅಂಚು ಸರಿಸಿ ಇಣುಕಿ ನೋಡಿ, “ದೇವ್ರಾ?” ಅಂದಳು. “ಅಲ್ಲ, ದೆವ್ವ,” ಅಂದೆ. ಅಜ್ಜಿ ಇಳಿಯುವ ತನಕ ಕೈ ಮಡಚಿ ಕೂತಿದ್ದಳು.

ಚಳ್ಳಕೆರೆಯ ಪೇಟೆಯಲ್ಲಿ ರೇಡಿಯೊ, ಟೇಪ್ ರಿಪೇರಿ ಮಾಡುವ ಒಬ್ಬ ಸಾಬರಿದ್ದರು. ಕಂಪ್ಯೂಟರ್ ಮಾರಿದವರು ‘ಎಲ್ಲ ಕಂಪ್ಯೂಟರೂ ಹಿಂಗೇ’ ಎಂದು ಕೈ ತೊಳೆದುಕೊಂಡಿದ್ದರಿಂದ ಇವರ ಹತ್ತಿರ ಬಂದಿದ್ದೆ. ಸಾಬರು ಕನ್ನಡಕ ಏರಿಸಿ ತಿರುಪು ಬಿಚ್ಚಿದರು. ಪಕ್ಕದ ತಗಡು ತೆಗೆದು ಒಳಗೆ ಬಗ್ಗಿ ನೋಡಿದರು. ಆಮೇಲೆ ಚಿಮಟದಲ್ಲಿ ಹಿಂದಿನ ಫ್ಯಾನಿನಿಂದ ಏನನ್ನೋ ಎಳೆದರು. ದೋಸೆಯಷ್ಟಗಲದ ಒಂದು ಕಂಬಳಿ ಚೂರು ಬಂತು. ಕೆಂಪು, ಹಸಿರು, ನಡುವೆ ನವಿಲುಬಣ್ಣ.

“ಅರೆ ಬೇಟಿ, ನಿನ್ನ ಕಂಪ್ಯೂಟರ್ ತಾನೇ ಸೀರೆ ನೇಯ್ತಾ ಐತಲ್ಲ!”

ಮಗ್ಗದ ಮನೆಯ ಗಾಳಿಯಲ್ಲಿ ರೇಷ್ಮೆ ಜುಂಗು ಹಾರುತ್ತಲೇ ಇರುತ್ತದೆ. ಅದು ಫ್ಯಾನಿಗೆ ಹೋಗುವುದು ಸಹಜ. ಆದರೆ ಹೀಗೆ ಗಟ್ಟಿಯಾಗಿ ಅಂಟಿಕೊಳ್ಳುವುದು ಹೇಗೆ? ಸಾಬರು ಅದನ್ನು ಮೂಗಿನ ಹತ್ತಿರ ಹಿಡಿದರು. “ಶೇಂಗಾ ಎಣ್ಣೆ. ಒಳ್ಳೇ ಎಣ್ಣೆ. ಯಾರು ಬಿಟ್ಟಿದ್ದು?”

ಯಾರು ಬಿಟ್ಟದ್ದೆಂದು ನನಗೆ ಕ್ಷಣದಲ್ಲಿ ಹೊಳೆಯಿತು. ಮಗ್ಗದಲ್ಲಿ ಏನೇ ಕಿರುಗುಟ್ಟಲಿ, ಅಪ್ಪನ ಕೈ ಎಣ್ಣೆ ಬಟ್ಟಲಿಗೇ ಹೋಗುತ್ತದೆ. ಬಾಗಿಲ ತಿರುಗಣೆ, ರಾಟೆ, ತೊಟ್ಟಿಲು, ಬಾವಿಯ ಗಾಲಿ, ಓಣಿಯ ಎಲ್ಲ ಕಿರುಗುಟ್ಟುವ ವಸ್ತುಗಳಿಗೂ ಅವನೇ ವೈದ್ಯ.

ಸಾಬರು ಹೊಸ ಫ್ಯಾನು ಹಾಕಿದರು. ಗೊರಕೆ ನಿಂತಿತು, ಆದರೆ ಒದರಾಟ ಹಾಗೇ ಇತ್ತು. “ಫ್ಯಾನು ಯಾವಾಗ್ಲೂ ಪೂರಾ ಜೋರಾಗಿ ಓಡ್ತೈತೆ, ಬೇಟಿ. ಕೆಲಸ ಇರಲಿ ಬಿಡಲಿ. ಅದಕ್ಕೊಂದು ಕಂಟ್ರೋಲರ್ ಬೇಕು. ರೇಡಿಯೊ ವಾಲ್ಯೂಮ್ ಇದ್ದಂಗೆ. ತಿರುವಿದ್ರೆ ಜೋರು, ಈ ಕಡೆ ತಿರುವಿದ್ರೆ ಆಹಿಸ್ತಾ. ಬೆಂಗಳೂರಾಗೆ ಸಿಗ್ತಾವಂತೆ. ನಾನೇ ಮಾಡ್ಕೊಡ್ತೀನಿ, ನಾಡಿದ್ದು ಬಾ.”

ವಾಪಸು ಬರುವ ಬಸ್ಸಿನಲ್ಲಿ ಅಪ್ಪನಿಗೆ ಏನೇನು ಅನ್ನಬೇಕು ಎಂದು ದಾರಿಯುದ್ದಕ್ಕೂ ಮಸೆದೆ. ಮನೆಗೆ ಬಂದು ಆ ಕಂಬಳಿ ಚೂರನ್ನು ಅವನ ಕೈಗಿಟ್ಟೆ. ಅವನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, “ರೇಷ್ಮೆ. ನಮ್ಮದೇ,” ಅಂದ.

“ಎಣ್ಣೇನೂ ನಮ್ಮದೇ! ನನ್ನ ಕೆಲಸ ಒಂದು ದಿನ ಬಂದು ನೋಡಿಲ್ಲ, ಕೆಡಿಸಾಕೆ ಮಾತ್ರ ಕೈ ಹಾಕ್ತೀಯ?” ಎಂದು ಕೂಗಿದೆ. ಬೀದಿಗೆ ಕೇಳಿಸಿರಬೇಕು, ಎದುರು ಮನೆಯ ಮಗ್ಗ ನಿಂತಿತು.

ಅಪ್ಪ ತಲೆ ತಗ್ಗಿಸಿದ. “ಕಿರ್ ಅಂದ್ರೆ ಎಣ್ಣೆ ಬಿಡೋದು. ನಮ್ಮಪ್ಪ ಹೇಳ್ಕೊಟ್ಟಿದ್ದು ಅದೊಂದೇ. ನೀನು ನೀರಿಗೆ ಹೋದಾಗ ದಿನಾ ಎರಡು ತೊಟ್ಟು ಬಿಡ್ತಿದ್ದೆ. ಅದು ಸುಮ್ಕಾದ್ರೆ ನೀನು ಚಳ್ಳಕೆರೆಗೆ ಹೋಗಾದು ತಪ್ತದಲ್ಲ ಅಂತ.”

ದಾರಿಯುದ್ದಕ್ಕೂ ಮಸೆದದ್ದೆಲ್ಲ ಮೊಂಡಾಯಿತು. ನಾನು ಮುಖ ತೊಳೆಯುವ ನೆಪ ಮಾಡಿ ಹಿತ್ತಿಲಿಗೆ ಹೋಗಿ ಅತ್ತೆ.

ಎರಡು ದಿನ ಬಿಟ್ಟು ಕಂಟ್ರೋಲರ್ ತಂದೆ. ಬೆಂಕಿಪೊಟ್ಟಣದಷ್ಟಗಲದ ಹಲಗೆ, ಅದರ ಮೇಲೆ ಮೂರು ಕಾಲಿನ ಕರೀ ಹುಳದಂಥ ಒಂದು ಬಿಡಿಭಾಗ, ಹುಳದ ಬೆನ್ನಿಗೆ ಬಿಸಿ ಆರಲೆಂದು ಅಲ್ಯೂಮಿನಿಯಂ ತಗಡು, ತುದಿಯಲ್ಲಿ ಹಳೇ ರೇಡಿಯೊದಿಂದ ಕಿತ್ತ ದೊಡ್ಡ ಗುಂಡಿ. ಗುಂಡಿಯ ಪಕ್ಕ ಸಾಬರು ಉಗುರುಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. “ಶುರು ಮಾಡುವಾಗ ಪೂರಾ ಜೋರಿಗೆ ಇಡು, ಓಡಾಕೆ ಹತ್ತಿದ ಮ್ಯಾಲೆ ಇಳಿಸು. ನಿಂತ ಎತ್ತು ಮೆಲ್ಲಗೆ ಅಂದ್ರೆ ಹೊರಡಲ್ಲ. ಈ ಚುಕ್ಕೆಗಿಂತ ಕೆಳಗೆ ಮಾತ್ರ ಹೋಗಬ್ಯಾಡ.” ಒಳಗಿರುವ ಮೂರು ಫ್ಯಾನುಗಳಲ್ಲಿ ಕರೆಂಟಿನ ಡಬ್ಬಿಯೊಳಗಿನ ಫ್ಯಾನಿಗೆ ಕೈ ಹಾಕಬೇಡ, ಉಳಿದ ಎರಡಕ್ಕೆ ಮಾತ್ರ ಜೋಡಿಸು ಎಂದೂ ಹೇಳಿ, ಯಾವ ತಂತಿ ಎಲ್ಲಿಗೆಂದು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟಿದ್ದರು.

ಪ್ಲಗ್ ಕಿತ್ತು ಡಬ್ಬಿಯನ್ನು ಪಡಸಾಲೆಯ ನಡುವೆ ಮಲಗಿಸಿದೆ. ಬಿಚ್ಚಿದ ತಿರುಪುಗಳನ್ನು ಅವ್ವ ಸಾಸಿವೆ ಬಟ್ಟಲಲ್ಲಿ ಹಾಕಿಟ್ಟಳು. ಆಮೇಲೆ ಒಗ್ಗರಣೆಯಲ್ಲಿ ಒಂದು ಸಿಕ್ಕಿತು ಎಂದು ಅವಳು ಈಗಲೂ ಹೇಳುತ್ತಾಳೆ, ನಾನು ನಂಬುವುದಿಲ್ಲ. ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು. ಎರಡೂ ಫ್ಯಾನುಗಳ ಬಾಯಿ ಬಿಡಿಸಿ ಕಂಟ್ರೋಲರಿಗೆ ಕೊಟ್ಟು, ಕಂಟ್ರೋಲರಿನ ಬಾಯಿ ಕರೆಂಟಿನ ಡಬ್ಬಿಗೆ ಕೊಟ್ಟೆ. ಕೆಲಸ ನಿಂತದ್ದು ಗುಂಡಿಯನ್ನು ಹೊರಗೆ ತರುವಲ್ಲಿ. ಮುಂದಿನ ಪ್ಲಾಸ್ಟಿಕ್ ಮುಖಕ್ಕೆ ಒಂದು ತೂತು ಬೇಕಿತ್ತು.

“ಇತ್ಲಾಗೆ ಕೊಡು,” ಅಂದ ಅಪ್ಪ. ರಟ್ಟು ಚುಚ್ಚುವ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ ತಂದು, ಎಡಗೈ ಬೆರಳಿನಿಂದ ಅಂಚು ಅಳೆದು, ಒಂದೇ ಸಲಕ್ಕೆ ಚುಚ್ಚಿ ಸುತ್ತ ತಿರುವಿದ. ಕಂಪಾಸಿನಲ್ಲಿ ಎಳೆದಂಥ ತೂತು. ಗುಂಡಿ ಅದರಲ್ಲಿ ಸಡಿಲವಿಲ್ಲದೆ ಕೂತಿತು. ಕಣ್ಣಿದ್ದ ನಾನು ಹಾಕಿದ ತಿರುಪು ಮಾತ್ರ ಸೊಟ್ಟಗೆ ಹೋಯಿತು.

ಪೂರಾ ಜೋರಿಗಿಟ್ಟು ಸ್ವಿಚ್ ಹಾಕಿದೆ. ಎಂದಿನ ಒದರಾಟ. ಅಪ್ಪ ಕುಣಿಗಿಳಿದು ಲಾಳಿ ಹಿಡಿದು ಕೂತ. ನಾನು ಗುಂಡಿ ತಿರುಗಿಸುತ್ತಾ ಹೋದೆ.

“ಇಳೀಲಿ... ಇನ್ನೂ ಇಳೀಲಿ... ಇನ್ನೊಂಚೂರು... ಹಾಂ. ತಡಿ.”

ಚುಕ್ಕೆಗಿಂತ ಒಂದು ಕೂದಲು ಮೇಲೆ ನಿಂತಿತ್ತು. ಮನೆಯಲ್ಲಿ ಎಷ್ಟೋ ತಿಂಗಳಿಂದ ಕೇಳದಿದ್ದ ಸದ್ದುಗಳೆಲ್ಲ ಹೊರಬಂದವು. ಒಲೆಯ ಮೇಲೆ ಅನ್ನ ಕುದಿಯುವುದು, ಹಿತ್ತಿಲಲ್ಲಿ ಕೋಳಿ ಕೆದರುವುದು. ಅವ್ವ ಒಳಗಿಂದ, “ಕರೆಂಟ್ ಹೋಯ್ತಾ?” ಅಂದಳು. ಪಕ್ಕದ ಮನೆಯವಳೂ ಗೋಡೆಯಾಚೆಯಿಂದ, “ನಿಮ್ಮನೇಲೂ ಹೋಯ್ತಾ?” ಎಂದು ಕೇಳಿದಳು. ನಾನು ನಕ್ಕು ನಕ್ಕು ಮೇಜಿಗೆ ಒರಗಿದೆ.

ಮಾರನೆಯ ದಿನವೇ ಆಸೆ ಹೆಚ್ಚಾಯಿತು. ಇಷ್ಟು ಸುಮ್ಮನಾದದ್ದು ಇನ್ನಷ್ಟು ಸುಮ್ಮನಾಗಲಿ ಎಂದು ಚುಕ್ಕೆ ದಾಟಿಸಿದೆ. ಮಧ್ಯಾಹ್ನದ ಮೊಳಕಾಲ್ಮೂರಿನ ಬಿಸಿಲು, ಗೋಡೆಗಳೇ ಕಾದ ಹಂಚು. ಕಂಪ್ಯೂಟರ್ ಕಣ್ಣು ಮುಚ್ಚಿತು. ಅರ್ಧ ಸೆರಗು ಅದರೊಂದಿಗೇ ಹೋಯಿತು. ಅಲ್ಲಿಂದ ಒಂದು ಕಟ್ಟಳೆಯಾಯಿತು. ಅಪ್ಪ ನೇಯುವಾಗ ಫ್ಯಾನು ಮೆಲ್ಲಗೆ. ಅವನು ಊಟಕ್ಕೋ ಎಲೆಯಡಿಕೆಗೋ ಎದ್ದರೆ ಜೋರು, ಒಳಗಿನ ಬಿಸಿಯೆಲ್ಲ ಹೊರಗೆ. ಎದ್ದು ಹೋಗುವಾಗ ಅವನೇ ಗುಂಡಿ ಏರಿಸುತ್ತಿದ್ದ, ಬಂದು ಕೂರುವಾಗ ಅವನೇ ಇಳಿಸುತ್ತಿದ್ದ. ಚುಕ್ಕೆಯನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಕೇಳಿ, ಸರಿಯಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದ.

ನಾಲ್ಕನೆಯ ದಿನ ಲಾಳಿ ಓಡುತ್ತಿದ್ದದ್ದು ತಟ್ಟನೆ ನಿಂತಿತು. ಅಪ್ಪ ಬೆರಳು ಹರಿಸಿದ, ಎಡದಂಚಿನಿಂದ ಒಂದು ಗೇಣು ಒಳಗೆ ಎಳೆ ಸಿಕ್ಕಿತು, ಹೊಸೆದ. “ಹರಿದಿತ್ತು,” ಅಂದ, ಯಾರಿಗೆಂದಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು. ಉಗಾದಿಗೆ ಇನ್ನೂ ವಾರವಿತ್ತು. ಚಳ್ಳಕೆರೆಯ ಕೋಣೆಯ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನೊಂದು ನವಿಲಿನ ಸೆರಗಿನ ಜೊತೆ ಗುದ್ದಾಡುತ್ತಿದ್ದೆ. ಎಷ್ಟು ತಿದ್ದಿದರೂ ನವಿಲಿನ ಕುತ್ತಿಗೆ ಕೋಳಿ ಕುತ್ತಿಗೆಯಾಗುತ್ತಿತ್ತು. ಮಗ್ಗ ನಿಂತಿತು. ಎಳೆ ಹರಿಯಿತೇನೋ ಎಂದು ತಿರುಗಿದರೆ ಅಪ್ಪ ನನ್ನ ಕಡೆಗೇ ಮುಖ ಮಾಡಿದ್ದ.

“ಅದೇನು ಮಗಾ, ನಾಕು ಸಲ ಟಕ್ ಟಕ್ ಅಂತ ಹಾಕ್ತೀಯ, ಆಮೇಲೆ ಜೋಡಿ ಸದ್ದು ಮಾಡಿ ಬಿಚ್ತೀಯ, ಮತ್ತೆ ಅದೇ ನಾಕು. ಹೊತ್ತಾರೆಯಿಂದ ಅಲ್ಲೇ ಸುತ್ತುತಾ ಇದ್ದೀಯ. ಎಲ್ಲಿ ಸಿಕ್ಕಾಕ್ಕೊಂಡೀ?”

ನಾನು ಬೆರಗಾಗಿ ಕೂತೆ. ಹಾಕಿದ್ದನ್ನು ಅಳಿಸಲು ಎರಡು ಕೀಲಿ ಒಟ್ಟಿಗೆ ಒತ್ತುತ್ತಿದ್ದೆ, ಅದನ್ನು ಅವನು ಕೇಳಿಸಿಕೊಂಡಿದ್ದ. “ಕುತ್ತಿಗೆ ಹತ್ರ,” ಅಂದೆ.

“ಓದು.”

ಒಂದೊಂದೇ ಸಾಲು ಓದಿದೆ. ಮೂರು ಎತ್ತು, ಎರಡು ಬಿಡು, ಐದು ಎತ್ತು. ಅಪ್ಪನ ಬೆರಳುಗಳು ಅವನ ಮೊಣಕಾಲ ಮೇಲೆ ಎಣಿಸುತ್ತಾ ನಡೆದವು. ಏಳನೇ ಸಾಲಿಗೆ ನಿಲ್ಲಿಸಿದ. “ಅಲ್ಲೇ. ಒಮ್ಮೆಗೇ ಎರಡು ಎಳೆ ಜಾರಿಸೀಯ. ತಿರುಗೋ ಜಾಗದಾಗೆ ಒಂದೊಂದೇ ಜಾರಬೇಕು, ಇಲ್ಲಾಂದ್ರೆ ಕುತ್ತಿಗೆ ಮುರಿದಂಗೆ ಕಾಣ್ತೈತೆ.”

ಹಾಗೇ ಮಾಡಿದೆ. ಕೋಳಿ ಹೋಗಿ ನವಿಲು ಕತ್ತೆತ್ತಿತು. ಖುಷಿಗೆ ನನ್ನ ಮುನಿಸೆಲ್ಲ ಮರೆತು, ಅವನ ಕೈ ಹಿಡಿದು ಕುಣಿಯಿಂದ ಎಬ್ಬಿಸಿ ತಂದು ಪರದೆಯ ಮುಂದೆ ಕೂರಿಸಿದೆ. ಅಪ್ಪ ನೋಡಿದ. ನವಿಲು ಪರದೆಯ ಬಲಗಡೆಯಲ್ಲಿತ್ತು. ಅವನು ಎಡಗಡೆಯ ಖಾಲಿ ಜಾಗವನ್ನೇ ನೋಡುತ್ತಾ, “ಭಾಳ ಚಲೋ ಐತೆ,” ಅಂದ.

ನಾನು ಅವನ ಮುಖ ನೋಡಿದೆ. “ಅಪ್ಪಾ, ಏನು ಕಾಣ್ತೈತೆ ನಿಂಗೆ?”

“ಬೆಳಕು,” ಅಂದ. ಸ್ವಲ್ಪ ತಡೆದು, “ಬೆಳಕೊಂದೇ,” ಅಂದ.

ಇಷ್ಟು ತಿಂಗಳಿಂದ ಅವನು ನನ್ನ ಕೆಲಸ ನೋಡಲಿಲ್ಲ ಎಂದು ಮುಖ ಊದಿಸಿಕೊಂಡಿದ್ದ ನನಗೆ ನನ್ನ ಮೇಲೇ ನಾಚಿಕೆಯಾಯಿತು. “ಯಾಕೆ ಹೇಳ್ಲಿಲ್ಲ?” ಅಂದೆ.

ಅಪ್ಪ ಅಡುಗೆಮನೆಯ ಕಡೆ ಮುಖ ತಿರುಗಿಸಿ, ತುಟಿ ಮಾತ್ರ ಅಲ್ಲಾಡುವಷ್ಟು ಮೆಲ್ಲಗೆ ಹೇಳಿದ. “ಹೇಳಿದ್ರೆ ನಿಮ್ಮವ್ವ ಮಗ್ಗದಿಂದ ಎಬ್ಬಿಸಿ ಆಸ್ಪತ್ರೆಗೆ ಹಾಕ್ತಾಳೆ.”

“ಕೇಳಿಸ್ತು!” ಎಂದಳು ಅವ್ವ ಒಳಗಿಂದ. “ಎಲ್ಲಾ ಕೇಳಿಸ್ತು. ನಾಳೆ ಮೊದಲನೇ ಬಸ್ಸಿಗೆ ಕಣ್ಣಾಸ್ಪತ್ರೆ!”

ಅಪ್ಪ ಮೇಜಿನ ಮೇಲೆ ಕೈಯಾಡಿಸಿ ಗುಂಡಿಯನ್ನು ಹುಡುಕುತ್ತಾ, “ಮಗಾ, ಆ ಫ್ಯಾನು ಒಂಚೂರು ಏರ್ಸು,” ಅಂದ.

ನಾನು ಏರಿಸಲಿಲ್ಲ. ಗುಂಡಿಯ ಮೇಲೆ ಬಂದ ಅವನ ಕೈಯನ್ನು ಹಾಗೇ ಹಿಡಿದುಕೊಂಡೆ. ಅವ್ವ ಸೌಟು ಕೆಳಗಿಟ್ಟು ಬರುವ ಹೆಜ್ಜೆಸದ್ದು ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.